ಅಮ್ಮನಿಗೆ ಪ್ರೋಟೀನ್ ಪೌಡರ್: ಡಬ್ಬಿಯ ಮುಂಭಾಗ ಬಿಡಿ, ಹಿಂಭಾಗ ಓದಿ

ಆಫೀಸಿನ ಊಟದ ಟೇಬಲ್ಲಿನಲ್ಲಿ ಪ್ರೋಟೀನ್ ಮಾತು ಹೊಸದೇನಲ್ಲ. ಮೊದಲೆಲ್ಲ ಅದು ಜಿಮ್ಮಿಗೆ ಹೋಗೋ ಹುಡುಗರ ವಿಷಯ. ಈಗ ಎರಡು ಮೂರು ವರ್ಷದಿಂದ ಪ್ರಶ್ನೆ ಬದಲಾಗಿದೆ. "ಅಮ್ಮ ಮೆಟ್ಟಿಲು ಹತ್ತೋಕೆ ಕಷ್ಟಪಡ್ತಿದ್ದಾರೆ, ಪೌಡರ್ ಕೊಡಬಹುದಾ?" "ಅಪ್ಪ ಮೊಟ್ಟೆ ಮುಟ್ಟಲ್ಲ, ಪ್ಲಾಂಟ್ ಬೇಸ್ಡ್ ಯಾವುದು ಒಳ್ಳೇದು?" ಕೇಳೋರೆಲ್ಲ ಮೂವತ್ತರ ಆಸುಪಾಸಿನವರು. ಊರಲ್ಲಿ ಅರವತ್ತು ದಾಟಿದ ಅಪ್ಪ ಅಮ್ಮ, ಇಲ್ಲಿ ಕೈಯಲ್ಲಿ ಫೋನು, ಫೋನಲ್ಲಿ ಒಂದು ಬೆರಳು ಒತ್ತಿದರೆ ಊರಿನ ಬಾಗಿಲಿಗೇ ಹೋಗಿ ಬೀಳುವ ಡಬ್ಬಿ.

ನಮ್ಮನೇಲೂ ಈ ಪ್ರಶ್ನೆ ಬಂತು. ಅಮ್ಮನಿಗೆ 62 ವರ್ಷ, ತೂಕ 55 ಕೆ.ಜಿ. ಇರೋದು ತುಮಕೂರು ಕಡೆ. ಮೊಟ್ಟೆ, ಮಾಂಸ ಇಲ್ಲ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ಲೋಟ ಹಾಲು ಕುಡಿದರೆ ಹೊಟ್ಟೆ ಉಬ್ಬರ, ಆದ್ದರಿಂದ ಹಾಲಿನ ಪುಡಿಯ ಡಬ್ಬಿಗಳು ಆಗಿಬರಲ್ಲ. ನೆಲದಲ್ಲಿ ಕೂತು ಸೊಪ್ಪು ಬಿಡಿಸಿದ ಮೇಲೆ ಏಳೋಕೆ ಗೋಡೆ ಹಿಡಿಯೋಕೆ ಶುರು ಮಾಡಿದ್ದಳು. ಕೇಳಿದರೆ "ವಯಸ್ಸಾಯ್ತಲ್ಲ ಕಣೇ" ಅನ್ನೋ ಒಂದೇ ಉತ್ತರ. ಡಬ್ಬಿ ತರಿಸೋ ಮೊದಲು ನಾನು ಓದಿಕೊಂಡಿದ್ದು, ಡಾಕ್ಟ್ರ ಹತ್ರ ಕೇಳಿದ್ದು, ಲೆಕ್ಕ ಹಾಕಿದ್ದು ಎಲ್ಲ ಇಲ್ಲಿದೆ. ನಾನು ವೈದ್ಯಳಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಲೇಬಲ್ ಓದೋದು, ಅಂಕಿ ಕೂಡಿಸೋದು ಮಾತ್ರ ನನ್ನ ಕೆಲಸ.

ವಯಸ್ಸಾದ ಹಾಗೆ ಸ್ನಾಯುಗೆ ಏನಾಗುತ್ತೆ?

ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಸ್ನಾಯು ಕಡಿಮೆಯಾಗುತ್ತಾ ಹೋಗುತ್ತದೆ. ಅರವತ್ತರ ನಂತರ ಈ ವೇಗ ಇನ್ನೂ ಹೆಚ್ಚು. ಇದಕ್ಕೆ ಸಾರ್ಕೊಪೀನಿಯಾ ಅಂತ ಹೆಸರು. 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಈ ಪದವನ್ನು ಬಳಕೆಗೆ ತಂದರು. ಗ್ರೀಕ್ ಮೂಲದಲ್ಲಿ ಅದರರ್ಥ 'ಮಾಂಸ ಕ್ಷೀಣಿಸುವುದು'.

ಇದು ತೂಕದ ಯಂತ್ರದಲ್ಲಿ ಗೊತ್ತಾಗಲ್ಲ. ಸ್ನಾಯು ಕರಗಿದ ಜಾಗದಲ್ಲಿ ಕೊಬ್ಬು ಸೇರಿಕೊಂಡರೆ 55 ಕೆ.ಜಿ. 55 ಆಗೇ ಇರುತ್ತೆ. ಗೊತ್ತಾಗೋದು ಬೇರೆ ಕಡೆ. ಉಪ್ಪಿನಕಾಯಿ ಜಾಡಿ ಮುಚ್ಚಳ ತೆಗೆಯೋಕೆ ಬೇರೆಯವರನ್ನು ಕರೀತಾರೆ. ಬಸ್ಸಿನ ಮೊದಲ ಮೆಟ್ಟಿಲಿಗೆ ಕಂಬಿ ಬೇಕೇ ಬೇಕು ಅಂತಾರೆ. ರಸ್ತೆ ದಾಟುವಾಗ ನಿಧಾನ ಆಗ್ತಾರೆ.

ಇದರ ಬೆಲೆ ದೊಡ್ಡದು. ಕಾಲಿನಲ್ಲಿ ಶಕ್ತಿ ಇಲ್ಲದವರು ಬಚ್ಚಲಲ್ಲಿ ಜಾರಿದರೆ ಸಾವರಿಸಿಕೊಳ್ಳೋಕೆ ಆಗಲ್ಲ. ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ, ಹಾಸಿಗೆಯಲ್ಲಿ ಮಲಗಿದಷ್ಟೂ ಉಳಿದ ಸ್ನಾಯುವೂ ಕರಗುತ್ತೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೊಂದು ಕಾರಣವೂ ಇದೆ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ಬಹುಪಾಲನ್ನು ಹೀರಿಕೊಳ್ಳೋದು ಸ್ನಾಯುಗಳೇ. ಸ್ನಾಯು ಕಡಿಮೆಯಾದರೆ ಸಕ್ಕರೆ ಹತೋಟಿಯೂ ಕಷ್ಟ.

ಕುರ್ಚಿ ಮತ್ತು ಸ್ಟಾಪ್‌ವಾಚ್

ಏಷ್ಯಾದ ತಜ್ಞರ ಗುಂಪೊಂದು 2019ರಲ್ಲಿ ನಮ್ಮಂಥ ದೇಹಪ್ರಕೃತಿಯವರಿಗೆ ಅನ್ವಯವಾಗುವ ಮಾನದಂಡಗಳನ್ನು ಪ್ರಕಟಿಸಿದೆ. ಅದರಲ್ಲಿ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಎರಡು.

ಮೊದಲನೆಯದು ಕುರ್ಚಿ ಪರೀಕ್ಷೆ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿಡಿ. ಎರಡೂ ಕೈಯನ್ನು ಎದೆಗೆ ಅಡ್ಡ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಡಾಕ್ಟ್ರ ಹತ್ರ ಮಾತಾಡೋದು ಒಳ್ಳೇದು. ಮಾಡುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಮಂಡಿ ನೋವು ತೀವ್ರವಾಗಿದ್ದರೆ ಬೇಡ.

ಎರಡನೆಯದು ಟೇಪು. ಮೀನಖಂಡದ ಅತಿ ದಪ್ಪನೆಯ ಜಾಗದ ಸುತ್ತಳತೆ ಗಂಡಸರಲ್ಲಿ 34 ಸೆಂ.ಮೀ., ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಗಮನ ಕೊಡಬೇಕು ಅಂತ ಅರ್ಥ.

ಅಮ್ಮ ಐದು ಸಲ ಎದ್ದು ಕೂರೋಕೆ ತೆಗೆದುಕೊಂಡಿದ್ದು 17 ಸೆಕೆಂಡ್. ಅಲ್ಲಿಂದ ನಮ್ಮ ಲೆಕ್ಕ ಶುರುವಾಯಿತು.

ದಿನಕ್ಕೆ ಎಷ್ಟು ಪ್ರೋಟೀನ್ ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ ವಯಸ್ಕರಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ. 55 ಕೆ.ಜಿ. ಇರುವ ಅಮ್ಮನಿಗೆ ಸುಮಾರು 46 ಗ್ರಾಂ ಆಯ್ತು.

ಆದರೆ ವಯಸ್ಸಾದವರ ಸ್ನಾಯು, ತಿಂದ ಪ್ರೋಟೀನಿಗೆ ಯುವಕರ ಸ್ನಾಯುವಿನಷ್ಟು ಚುರುಕಾಗಿ ಸ್ಪಂದಿಸಲ್ಲ. ಅಷ್ಟೇ ಕೆಲಸ ಆಗಬೇಕಾದರೆ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಅದಕ್ಕೇ 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು 65 ದಾಟಿದವರಿಗೆ ಪ್ರತಿ ಕೆ.ಜಿ.ಗೆ 1ರಿಂದ 1.2 ಗ್ರಾಂ ಇರಲಿ ಅಂತ ಹೇಳಿತು. ಅಮ್ಮನಿಗೆ 65 ಇನ್ನೂ ಆಗಿಲ್ಲ, ಆದರೂ ಕಾಲಿನ ಶಕ್ತಿ ಕುಂದಿರೋದ್ರಿಂದ ಡಾಕ್ಟ್ರು ಇದೇ ಗುರಿ ಇಟ್ಟುಕೊಳ್ಳಿ ಅಂದರು. ಅಂದರೆ 55ರಿಂದ 66 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಅನ್ವಯಿಸಲ್ಲ. ಆ ವಿಷಯ ಮುಂದೆ ಇದೆ, ಬಿಡದೆ ಓದಿ.

ನಮ್ಮನೆ ಊಟದ ಲೆಕ್ಕ

ಪೌಡರ್ ಹುಡುಕೋ ಮೊದಲು ತಟ್ಟೆ ನೋಡಬೇಕು. ಒಂದು ವಾರ ಅಮ್ಮ ತಿಂದಿದ್ದನ್ನು ಫೋನಿನಲ್ಲಿ ಬರೆದಿಟ್ಟೆವು. ಹಸಿ ಪದಾರ್ಥದ 100 ಗ್ರಾಂನಲ್ಲಿ ಅಂದಾಜು ಪ್ರೋಟೀನ್ ಹೀಗಿದೆ: ರಾಗಿ 7 ಗ್ರಾಂ, ಅಕ್ಕಿ 8, ತೊಗರಿಬೇಳೆ 22, ಹೆಸರುಬೇಳೆ 24, ಹುರುಳಿಕಾಳು 22, ಕಡಲೆಬೀಜ 24, ಹಸುವಿನ ಹಾಲು 3. ಇದನ್ನಿಟ್ಟುಕೊಂಡು ಕೂಡಿಸಿದರೆ ಸಾಮಾನ್ಯ ದಿನ ಹೀಗಿತ್ತು:

ಬೆಳಿಗ್ಗೆ ಮೂರು ಇಡ್ಲಿ, ಕಾಯಿಚಟ್ನಿ, ಕಾಫಿ: ಸುಮಾರು 9 ಗ್ರಾಂ.
ಮಧ್ಯಾಹ್ನ ಒಂದು ಮುದ್ದೆ, ಬೇಳೆಸಾರು, ಸ್ವಲ್ಪ ಅನ್ನ, ಮಜ್ಜಿಗೆ: 16 ಗ್ರಾಂ.
ಸಂಜೆ ಕಾಫಿ, ಎರಡು ಬಿಸ್ಕತ್ತು: 3 ಗ್ರಾಂ.
ರಾತ್ರಿ ಅನ್ನ, ತಿಳಿಸಾರು, ಪಲ್ಯ, ಮಜ್ಜಿಗೆ: 11 ಗ್ರಾಂ.

ಒಟ್ಟು 39 ಗ್ರಾಂ. ಬೇಕಾಗಿದ್ದು ಕನಿಷ್ಠ 55. ಹೊಟ್ಟೆ ತುಂಬ ಊಟ ಮಾಡುವ ಮನೆಯಲ್ಲೂ 16 ಗ್ರಾಂ ಕೊರತೆ. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಕೂರುವ ಅಮ್ಮಂದಿರ ತಟ್ಟೆಗೆ ಬೀಳೋದು ಸಾರಿನ ತಿಳಿ, ಬೇಳೆಯೆಲ್ಲ ಮೊದಲೇ ಖಾಲಿ. ಇದನ್ನು ಹೇಳೋಕೆ ಯಾವ ಸಂಶೋಧನೆಯೂ ಬೇಕಾಗಿಲ್ಲ, ನಮ್ಮ ನಮ್ಮ ಅಡುಗೆಮನೆ ನೋಡಿದರೆ ಸಾಕು.

ಇನ್ನೊಂದು ಸೂಕ್ಷ್ಮ ಇದೆ. ಸ್ನಾಯು ಕಟ್ಟುವ ಕೆಲಸ ಶುರುವಾಗೋಕೆ ಲ್ಯೂಸೀನ್ ಎಂಬ ಅಮೈನೋ ಆಮ್ಲ ಒಂದು ಊಟದಲ್ಲಿ ಒಂದು ಮಟ್ಟಕ್ಕೆ ಬರಬೇಕು. ವಯಸ್ಸಾದವರಿಗೆ ಇದು ಸುಮಾರು 2.5ರಿಂದ 3 ಗ್ರಾಂ ಅಂತ ಹೇಳ್ತಾರೆ. ಒಂದೊಂದು ಹೊತ್ತಿಗೆ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದ್ದಾಗಲಷ್ಟೇ ಅದರ ಹತ್ತಿರ ಹೋಗೋದು. ಒಂಬತ್ತು ಗ್ರಾಂನ ಇಡ್ಲಿ ತಿಂಡಿ ಅಲ್ಲಿಗೆ ಮುಟ್ಟಲ್ಲ. ಎಲ್ಲವನ್ನೂ ರಾತ್ರಿ ಒಂದೇ ಸಲ ತಿನ್ನೋದಕ್ಕಿಂತ ಮೂರು ಹೊತ್ತಿಗೆ ಹಂಚೋದು ಮೇಲು.

ಹಾಗಾದರೆ ಪೌಡರ್ ಬೇಕಾ?

ನೇರವಾಗಿ ಹೇಳಬೇಕು ಅಂದರೆ, ಎಲ್ಲರಿಗೂ ಬೇಡ. ಅದೇ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟು ಬೆಳೆಸೋಕೆ ಪ್ರೋಟೀನ್ ಪೌಡರ್ ಮೊರೆ ಹೋಗಬೇಡಿ, ಅದರಲ್ಲಿ ಸಕ್ಕರೆ, ಸಿಹಿಕಾರಕ, ಇತರ ಬೆರಕೆ ಪದಾರ್ಥಗಳು ಇರಬಹುದು ಅಂತ ಎಚ್ಚರಿಸಿದೆ. ಆಹಾರವೇ ಮೊದಲು ಅನ್ನೋದು ಅದರ ನಿಲುವು. ನನಗೂ ಅದು ಸರಿ ಅನ್ನಿಸುತ್ತೆ.

ಮೈಸೂರಿನ ಸಿಎಫ್‌ಟಿಆರ್‌ಐ ನೆನಪಿದೆಯಲ್ಲ? 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಆ ಸಂಸ್ಥೆ, ಇಂದಿನ ಈ ಡಬ್ಬಿಗಳು ಬರೋಕೆ ಎಷ್ಟೋ ದಶಕ ಮೊದಲೇ ಕಡಲೆಬೀಜದ ಹಿಂಡಿ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಸೇರಿಸಿ 'ಮಲ್ಟಿ ಪರ್ಪಸ್ ಫುಡ್' ಅಂತ ಪ್ರೋಟೀನ್ ಪುಡಿ ಮಾಡಿತ್ತು. ಅಪೌಷ್ಟಿಕತೆ ನೀಗೋಕೆ ಮಾಡಿದ ಅಗ್ಗದ ಪುಡಿ ಅದು. ಸಸ್ಯದ ಪ್ರೋಟೀನ್ ಪುಡಿ ಅನ್ನೋದು ವಿದೇಶದಿಂದ ನಿನ್ನೆ ಮೊನ್ನೆ ಇಳಿದ ಐಡಿಯಾ ಏನಲ್ಲ.

ಪೌಡರ್ ಉಪಯೋಗಕ್ಕೆ ಬರೋದು ಊಟ ಜಾಸ್ತಿ ಮಾಡೋಕೆ ಆಗದಿದ್ದಾಗ. ವಯಸ್ಸಾದವರಿಗೆ ಹಸಿವು ಕಡಿಮೆ. ಕೆಲವರಿಗೆ ಹಲ್ಲಿಲ್ಲ, ಕಾಳು ಅಗಿಯೋಕೆ ಆಗಲ್ಲ. ಕೆಲವರಿಗೆ ಎರಡು ಸೌಟು ಬೇಳೆ ಜಾಸ್ತಿ ಬಿದ್ದರೆ ವಾಯು. ಸಕ್ಕರೆ ಕಾಯಿಲೆಯವರು ಪ್ರೋಟೀನಿಗೋಸ್ಕರ ಇಡ್ಲಿ ಸಂಖ್ಯೆ ಹೆಚ್ಚಿಸೋಕೂ ಆಗಲ್ಲ. ಇಂಥ ಕಡೆ ಅರ್ಧ ಲೋಟದಲ್ಲಿ 15 ಗ್ರಾಂ ಸಿಗುತ್ತೆ ಅಂದರೆ ಅನುಕೂಲವೇ. ಅದನ್ನು ಔಷಧಿ ಅಂತ ನೋಡದೆ, ಕೊರತೆ ತುಂಬುವ ಒಂದು ಪದಾರ್ಥ ಅಂತ ನೋಡಿದರೆ ಆಯ್ಕೆ ಸುಲಭ.

ಬಟಾಣಿ, ಸೋಯಾ, ಅಕ್ಕಿ: ಯಾವುದು?

ದೇಹವೇ ತಯಾರಿಸಿಕೊಳ್ಳಲಾಗದ ಒಂಬತ್ತು ಅಮೈನೋ ಆಮ್ಲಗಳು ಊಟದಿಂದಲೇ ಬರಬೇಕು. ಪ್ರತಿ ಸಸ್ಯದಲ್ಲೂ ಒಂದಲ್ಲ ಒಂದು ಕಡಿಮೆ ಇರುತ್ತೆ.

ಸೋಯಾ: ಸಸ್ಯಗಳ ಪೈಕಿ ಗುಣಮಟ್ಟದಲ್ಲಿ ಮುಂದಿರೋದು ಇದೇ. ಶುದ್ಧೀಕರಿಸಿದ ಸೋಯಾ ಪ್ರೋಟೀನಿಗೆ, ಜೀರ್ಣವಾಗುವ ಪ್ರಮಾಣವನ್ನೂ ಸೇರಿಸಿ ಲೆಕ್ಕ ಹಾಕುವ ಹಳೆಯ ಅಳತೆಯಲ್ಲಿ 1ಕ್ಕೆ ಹತ್ತಿರದ ಅಂಕ ಸಿಗುತ್ತೆ. ಹಾಲಿನ ಪ್ರೋಟೀನಿಗೆ 1. ಬೆಲೆಯೂ ಕಡಿಮೆ.

ಬಟಾಣಿ: ಹಳದಿ ಬಟಾಣಿಯಿಂದ ತೆಗೀತಾರೆ. ಲೈಸೀನ್ ಚೆನ್ನಾಗಿದೆ, ಮೆಥಿಯೋನೀನ್ ಕಡಿಮೆ. ಅಂಕ ಸುಮಾರು 0.8ರಿಂದ 0.9. ಸೋಯಾ ಅಲರ್ಜಿ ಇದ್ದವರಿಗೆ ಅನುಕೂಲ. ರುಚಿ ಸ್ವಲ್ಪ ಹಸಿಹಸಿ, ಮಣ್ಣಿನ ವಾಸನೆ ಅನ್ನಬಹುದು.

ಕಂದು ಅಕ್ಕಿ: ಮೆಥಿಯೋನೀನ್ ಇದೆ, ಲೈಸೀನ್ ಕಡಿಮೆ. ಒಂಟಿಯಾಗಿ ತಗೊಂಡರೆ ಅಂಕ ತುಂಬ ಇಳಿಯುತ್ತೆ.

ಬಟಾಣಿಗೆ ಅಕ್ಕಿ ಸೇರಿಸಿದ ಪುಡಿಗಳು ಮಾರುಕಟ್ಟೆಯಲ್ಲಿ ಹೆಚ್ಚಿರೋದು ಇದೇ ಕಾರಣಕ್ಕೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತೆ. ಉದ್ದು ಅಕ್ಕಿ ಸೇರಿದ ಇಡ್ಲಿ, ಬೇಳೆ ಅಕ್ಕಿ ಸೇರಿದ ಬಿಸಿಬೇಳೆಬಾತ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಒಂದೇ ಲೋಟದಲ್ಲಿ ಇರಬೇಕು ಅಂತಲೂ ಇಲ್ಲ. ಬರೀ ಬಟಾಣಿ ಪುಡಿ ತಗೊಂಡು ಜೊತೆಗೆ ರಾಗಿ ಅಂಬಲಿ, ಅನ್ನ ತಿಂದರೂ ದಿನದ ಲೆಕ್ಕದಲ್ಲಿ ಸರಿಹೋಗುತ್ತೆ.

ಲ್ಯೂಸೀನ್ ಲೆಕ್ಕದಲ್ಲಿ ಹಾಲಿನಿಂದ ತೆಗೆದ ವ್ಹೇ ಪ್ರೋಟೀನ್ ಮುಂದೆ ಇದೆ. ಅದರಲ್ಲಿ ಶೇ 10ರ ಆಸುಪಾಸು, ಬಟಾಣಿ ಮತ್ತು ಸೋಯಾದಲ್ಲಿ ಶೇ 8ರ ಆಸುಪಾಸು. ಸಸ್ಯದ ಪುಡಿಯನ್ನು ಖಾಲಿ ಹೊಟ್ಟೆಗೆ ನೀರಲ್ಲಿ ಕುಡಿಯೋ ಬದಲು ತಿಂಡಿಯ ಜೊತೆ ಸೇರಿಸಿಕೊಂಡರೆ ಆ ಹೊತ್ತಿನ ಒಟ್ಟು ಮೊತ್ತ ಏರುತ್ತೆ.

ಡಬ್ಬಿಯ ಹಿಂಭಾಗ ಓದೋದು ಹೇಗೆ?

1. ಶೇಕಡಾ ಲೆಕ್ಕ. ಒಂದು ಸ್ಕೂಪಿನ ಪ್ರೋಟೀನನ್ನು ಸ್ಕೂಪಿನ ತೂಕದಿಂದ ಭಾಗಿಸಿ, 100ರಿಂದ ಗುಣಿಸಿ. 33 ಗ್ರಾಂ ಸ್ಕೂಪಿನಲ್ಲಿ 24 ಗ್ರಾಂ ಇದ್ದರೆ ಶೇ 73. ಶೇ 70ಕ್ಕಿಂತ ಮೇಲಿದ್ದರೆ ಚೆನ್ನ. 'ಹಿರಿಯರಿಗಾಗಿ' ಅಂತ ಬರೆದ ಕೆಲವು ಡಬ್ಬಿಗಳಲ್ಲಿ ಇದು ಶೇ 30 ಕೂಡ ದಾಟಲ್ಲ. ಉಳಿದದ್ದು ಏನು ಅಂತ ಪಟ್ಟಿ ನೋಡಿ.

2. ಪದಾರ್ಥಗಳ ಪಟ್ಟಿ. ಅತಿ ಹೆಚ್ಚು ಇರೋದು ಮೊದಲು ಬರುತ್ತೆ. ಮೊದಲ ಸ್ಥಾನದಲ್ಲಿ ಪ್ರೋಟೀನ್ ಇರಬೇಕು. ಸಕ್ಕರೆ ಇಲ್ಲ ಅಂತ ದೊಡ್ಡದಾಗಿ ಬರೆದು ಒಳಗೆ ಮಾಲ್ಟೊಡೆಕ್ಸ್ಟ್ರಿನ್ ಹಾಕಿರಬಹುದು. ಅದು ರಕ್ತದ ಸಕ್ಕರೆಯನ್ನು ಸಕ್ಕರೆಯಷ್ಟೇ ಬೇಗ ಏರಿಸುತ್ತೆ.

3. ಅಮೈನೋ ಆಮ್ಲದ ಪಟ್ಟಿ. ಇದು ನನ್ನ ಕೆಲಸಕ್ಕೆ ಹತ್ತಿರದ ವಿಷಯ. ಪ್ರೋಟೀನ್ ಅಳೆಯೋ ಸಾಮಾನ್ಯ ವಿಧಾನವನ್ನು 1883ರಲ್ಲಿ ಡೆನ್ಮಾರ್ಕಿನ ಯೋಹಾನ್ ಕೆಲ್‌ಡಾಲ್ ಕಂಡುಹಿಡಿದರು. ಅದು ನೇರವಾಗಿ ಪ್ರೋಟೀನ್ ಅಳೆಯಲ್ಲ, ಸಾರಜನಕ ಅಳೆದು 6.25ರಿಂದ ಗುಣಿಸುತ್ತೆ. ಬರೆದ ಕೋಡಿನ ಸಾಲು ಎಣಿಸಿ ಕೆಲಸ ಅಳೆದ ಹಾಗೆ. ಅಳತೆ ಗೊತ್ತಿದ್ದವರು ಅಳತೆಯನ್ನೇ ಆಡಿಸಬಹುದು. ಅಗ್ಗದ ಗ್ಲೈಸೀನ್, ಟಾರೀನ್ ಬೆರೆಸಿದರೆ ಸಾರಜನಕ ಏರುತ್ತೆ, ಸ್ನಾಯುಗೆ ಬೇಕಾದ ಪ್ರೋಟೀನ್ ಏರಲ್ಲ. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಗೆ ಮೆಲಮೈನ್ ಬೆರೆಸಿದ್ದೂ ಇದೇ ತಂತ್ರ. ಪಟ್ಟಿಯಲ್ಲಿ ಗ್ಲೈಸೀನ್, ಟಾರೀನ್ ಬೇರೆಯಾಗಿ ಸೇರಿಸಿದ್ದು ಕಂಡರೆ ಆ ಡಬ್ಬಿ ಬಿಡಿ.

4. ಪರೀಕ್ಷಾ ವರದಿ. ಗಿಡಗಳು ಮಣ್ಣಿನಿಂದ ಸೀಸ, ಕ್ಯಾಡ್ಮಿಯಂ ಹೀರಿಕೊಳ್ಳುತ್ತವೆ. ಭತ್ತಕ್ಕೆ ಆರ್ಸೆನಿಕ್ ಹೀರುವ ಗುಣವಿದೆ. ಪುಡಿ ಮಾಡಿ ಸಾಂದ್ರಗೊಳಿಸಿದಾಗ ಅವೂ ಜೊತೆಗೆ ಬರುತ್ತವೆ. 2025ರ ಅಕ್ಟೋಬರಿನಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 23 ಉತ್ಪನ್ನಗಳನ್ನು ಪರೀಕ್ಷಿಸಿದಾಗ, ಸಸ್ಯಮೂಲದ ಪುಡಿಗಳಲ್ಲಿ ಸೀಸದ ಪ್ರಮಾಣ ಹಾಲಿನ ಮೂಲದವುಗಳಿಗಿಂತ ಸರಾಸರಿ ಒಂಬತ್ತು ಪಟ್ಟು ಇತ್ತು. ಪ್ಲಾಂಟ್ ಬೇಸ್ಡ್ ಅಂದ ಮಾತ್ರಕ್ಕೆ ಶುದ್ಧ ಅಂತಲ್ಲ. ಆಯಾ ಬ್ಯಾಚಿನ ಭಾರಲೋಹ ಪರೀಕ್ಷೆಯ ವರದಿಯನ್ನು ಕೊಡುವ ಕಂಪನಿ ಆರಿಸಿ. ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದ್ದಾದರೆ ಇನ್ನೂ ಒಳ್ಳೇದು. ಕೋಕೋದಲ್ಲೂ ಸೀಸ, ಕ್ಯಾಡ್ಮಿಯಂ ಇರುವುದರಿಂದ ಚಾಕೊಲೇಟ್ ರುಚಿಗಿಂತ ಯಾವ ರುಚಿಯೂ ಸೇರಿಸದ ಪುಡಿ ಮೇಲು.

5. ನಮ್ಮ ದೇಶದ್ದೂ ಕತೆ ಇದೆ. ಕೇರಳದ ವೈದ್ಯರ ತಂಡ ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿತು. ಸುಮಾರು ಶೇ 70ರಷ್ಟರಲ್ಲಿ ಲೇಬಲ್ಲಿನ ಪ್ರೋಟೀನ್ ಅಂಕಿ ಸರಿ ಇರಲಿಲ್ಲ. ಕೆಲವದರಲ್ಲಿ ಹೇಳಿದ್ದರ ಅರ್ಧದಷ್ಟೇ ಇತ್ತು. ಶೇ 14ರಷ್ಟರಲ್ಲಿ ಶಿಲೀಂಧ್ರದ ವಿಷವಾದ ಅಫ್ಲಾಟಾಕ್ಸಿನ್ ಸಿಕ್ಕಿತ್ತು. ಗಿಡಮೂಲಿಕೆ ಬೆರೆಸಿದ ಪುಡಿಗಳ ಬಗ್ಗೆ ಆ ತಂಡ ವಿಶೇಷ ಎಚ್ಚರಿಕೆ ಕೊಟ್ಟಿತ್ತು. ದಿನಾ ಮಾತ್ರೆ ತಗೊಳ್ಳೋ ಹಿರಿಯರಿಗೆ ಇಂಥ ಸೇರ್ಪಡೆ ಇಲ್ಲದ ಸರಳ ಪುಡಿಯೇ ಸುರಕ್ಷಿತ.

6. ಎಫ್‌ಎಸ್‌ಎಸ್‌ಎಐ ನಂಬರು. 14 ಅಂಕಿಯ ಪರವಾನಗಿ ಸಂಖ್ಯೆ ಇರಲೇಬೇಕು. 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪಿನಲ್ಲಿ ಹಾಕಿ ನೋಡಬಹುದು. ಹೆಲ್ತ್ ಡ್ರಿಂಕ್ ಅನ್ನೋ ಪದಕ್ಕೆ ಮರುಳಾಗಬೇಡಿ. ನಮ್ಮ ಆಹಾರ ಕಾನೂನಿನಲ್ಲಿ ಆ ಪದಕ್ಕೆ ವ್ಯಾಖ್ಯೆಯೇ ಇಲ್ಲ.

7. ಸೋಡಿಯಂ. ತಯಾರಿಕೆಯ ವಿಧಾನದಿಂದಾಗಿ ಕೆಲವು ಬಟಾಣಿ ಪುಡಿಗಳಲ್ಲಿ ಇದು ಹೆಚ್ಚಿರುತ್ತೆ. ಬಿಪಿ ಇದ್ದವರ ಮನೆಯಲ್ಲಿ ಈ ಸಾಲನ್ನೂ ಓದಿ.

ಡಾಕ್ಟ್ರನ್ನು ಕೇಳದೆ ಶುರು ಮಾಡಬೇಡಿ

ಸಕ್ಕರೆ ಕಾಯಿಲೆ, ಬಿಪಿ ಹಲವು ವರ್ಷದಿಂದ ಇದ್ದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದು, ಮೊದಮೊದಲು ಅದರ ಲಕ್ಷಣವೇ ಇರಲ್ಲ. ಮೂತ್ರಪಿಂಡದ ಕಾಯಿಲೆ ತೀವ್ರವಾಗಿದ್ದು ಡಯಾಲಿಸಿಸ್ ಮಾಡಿಸಿಕೊಳ್ಳದವರು ಪ್ರೋಟೀನ್ ಮಿತಿಗೊಳಿಸಬೇಕಾಗುತ್ತೆ. ಅವರಿಗೆ ಪೌಡರ್ ಕೊಟ್ಟರೆ ಒಳ್ಳೇದು ಮಾಡೋಕೆ ಹೋಗಿ ಕೆಟ್ಟದ್ದು ಮಾಡಿದ ಹಾಗೆ. ರಕ್ತದ ಕ್ರಿಯಾಟಿನೀನ್, ಇಜಿಎಫ್ಆರ್, ಮೂತ್ರದ ಆಲ್ಬುಮಿನ್ ಮೊದಲು ಮಾಡಿಸಿ. ಕ್ರಿಯಾಟಿನೀನ್ ಹುಟ್ಟೋದು ಸ್ನಾಯುವಿನಲ್ಲಿ. ಸ್ನಾಯು ಕಡಿಮೆ ಇರುವವರಲ್ಲಿ ಮೂತ್ರಪಿಂಡ ಸೋತಿದ್ದರೂ ಈ ಅಂಕಿ ನಾರ್ಮಲ್ ಅಂತ ಕಾಣಬಹುದು. ಅದಕ್ಕೇ ವರದಿಯನ್ನು ನಾವೇ ಓದಿ ತೀರ್ಮಾನಿಸದೆ ಡಾಕ್ಟ್ರಿಗೆ ತೋರಿಸಬೇಕು.

ಥೈರಾಯ್ಡ್ ಮಾತ್ರೆ ತಗೊಳ್ಳೋರು ಸೋಯಾ ವಿಷಯ ಹೇಳಿ ಕೇಳಿ. ಸೋಯಾ ಆ ಮಾತ್ರೆ ದೇಹಕ್ಕೆ ಸೇರೋದನ್ನು ತಗ್ಗಿಸಬಹುದು. ಎರಡರ ನಡುವೆ ಎಷ್ಟು ಗಂಟೆ ಬಿಡಬೇಕು ಅಂತ ಅವರೇ ಹೇಳ್ತಾರೆ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಏಕಾಏಕಿ ಶಕ್ತಿ ಕುಂದಿದರೆ ಅದಕ್ಕೆ ಪೌಡರ್ ಉತ್ತರ ಅಲ್ಲ, ತಪಾಸಣೆ ಬೇಕು. ಸಸ್ಯಾಹಾರಿಗಳು ಬಿ12, ವಿಟಮಿನ್ ಡಿ ಕೂಡ ಒಮ್ಮೆ ನೋಡಿಸಿಕೊಳ್ಳೋದು ಒಳ್ಳೇದು. ಇವು ಕಡಿಮೆಯಾದರೂ ಸುಸ್ತು, ಕಾಲಿನ ನಿತ್ರಾಣ ಬರುತ್ತೆ.

ಒಂದು ಗ್ರಾಂಗೆ ಎಷ್ಟು ದುಡ್ಡು?

ಡಬ್ಬಿಯ ಬೆಲೆ ನೋಡಬೇಡಿ, ಒಂದು ಗ್ರಾಂ ಪ್ರೋಟೀನಿನ ಬೆಲೆ ನೋಡಿ. 1,800 ರೂಪಾಯಿಯ ಒಂದು ಕೆ.ಜಿ. ಡಬ್ಬಿಯಲ್ಲಿ ಶೇ 72 ಪ್ರೋಟೀನ್ ಅಂದರೆ 720 ಗ್ರಾಂ. ಗ್ರಾಂಗೆ ಎರಡೂವರೆ ರೂಪಾಯಿ. ಕೆ.ಜಿ.ಗೆ 160 ರೂಪಾಯಿಯ ತೊಗರಿಬೇಳೆಯಲ್ಲಿ 220 ಗ್ರಾಂ ಪ್ರೋಟೀನ್, ಗ್ರಾಂಗೆ 73 ಪೈಸೆ. ನಾವು ಮೀಲ್ ಮೇಕರ್ ಅನ್ನೋ ಸೋಯಾ ಉಂಡೆಯ 100 ಗ್ರಾಂನಲ್ಲಿ 50 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದೆ. ಕೆ.ಜಿ.ಗೆ 200 ರೂಪಾಯಿ ಅಂತಿಟ್ಟುಕೊಂಡರೂ ಗ್ರಾಂಗೆ 40 ಪೈಸೆ. ಈ ಬೆಲೆಗಳೆಲ್ಲ ಲೆಕ್ಕಕ್ಕೆ ಹಿಡಿದವು, ನಿಮ್ಮೂರಿನ ಅಂಗಡಿ ಬಿಲ್ ಹಾಕಿ ನೋಡಿಕೊಳ್ಳಿ. ದಿನಕ್ಕೆ 20 ಗ್ರಾಂ ಪ್ರೋಟೀನನ್ನು ಡಬ್ಬಿಯಿಂದಲೇ ತಗೊಂಡರೆ ತಿಂಗಳಿಗೆ 1,500 ರೂಪಾಯಿ. ಅನುಕೂಲಕ್ಕೆ ಕೊಡುವ ದುಡ್ಡು ಅದು. ಅನುಕೂಲ ನಿಜವಾಗಿ ಬೇಕಾ ಅನ್ನೋದನ್ನು ಆಯಾ ಮನೆಯವರು ನಿರ್ಧರಿಸಬೇಕು.

ಪುಡಿ ಒಂದೇ ಸಾಲದು

ಇಟ್ಟಿಗೆ ತಂದು ರಾಶಿ ಹಾಕಿದರೆ ಮನೆ ಏಳಲ್ಲ, ಗಾರೆ ಕೆಲಸದವರು ಬರಬೇಕು. ಸ್ನಾಯುಗೆ ಆ ಕೆಲಸ ಮಾಡೋದು ಭಾರದ ವ್ಯಾಯಾಮ. ವಾಕಿಂಗ್ ಹೃದಯಕ್ಕೆ ಒಳ್ಳೇದು, ಆದರೆ ಸ್ನಾಯುವಿನ ಶಕ್ತಿ ಬೆಳೆಸೋಕೆ ಅದೊಂದೇ ಸಾಕಾಗಲ್ಲ.

"ಈ ವಯಸ್ಸಲ್ಲಿ ಇನ್ನೇನು ವ್ಯಾಯಾಮ" ಅನ್ನೋರಿಗೆ 1990ರ ಒಂದು ಪ್ರಯೋಗ ಹೇಳಬೇಕು. ಅಮೆರಿಕದ ಬೋಸ್ಟನ್ನಿನಲ್ಲಿ ಡಾ. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧರ ಆರೈಕೆ ಕೇಂದ್ರದ ಹತ್ತು ಜನರಿಗೆ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಅವರ ಸರಾಸರಿ ವಯಸ್ಸು 90. ಎಂಟು ವಾರ ಪೂರ್ತಿ ಮಾಡಿದವರ ಕಾಲಿನ ಶಕ್ತಿ ಸರಾಸರಿ ಶೇ 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ ಆದದ್ದು ಅರವತ್ತೆರಡರಲ್ಲಿ ಯಾಕಾಗಬಾರದು?

ಜಿಮ್ ಬೇಕಿಲ್ಲ. ಫಿಸಿಯೋಥೆರಪಿಸ್ಟ್ ಒಬ್ಬರು ಅಮ್ಮನಿಗೆ ನಾಲ್ಕು ಹೇಳಿಕೊಟ್ಟರು. ಕುರ್ಚಿಯಿಂದ ಎದ್ದು ಕೂರೋದು, ಗೋಡೆಗೆ ಕೈಕೊಟ್ಟು ತಳ್ಳೋದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತೋದು, ನೀರು ತುಂಬಿದ ಬಾಟಲಿ ಎತ್ತೋದು. ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ಸುಲಭ ಅನ್ನಿಸಿದಾಗ ಸಂಖ್ಯೆ ಅಥವಾ ಭಾರ ಹೆಚ್ಚಿಸಬೇಕು. ಇದು ಮುಖ್ಯ, ಇಲ್ಲದಿದ್ದರೆ ಸ್ನಾಯು ಅಲ್ಲೇ ನಿಂತುಬಿಡುತ್ತೆ.

ನಾವು ಕೊನೆಗೆ ಏನು ಮಾಡಿದೆವು?

ಮೂತ್ರಪಿಂಡದ ವರದಿ ಸರಿಯಿದೆ ಅಂತ ಡಾಕ್ಟ್ರು ಹೇಳಿದ ಮೇಲೆ ಮೊದಲು ತಟ್ಟೆ ಬದಲಾಯಿಸಿದೆವು. ಸಂಜೆ ಬಿಸ್ಕತ್ತಿನ ಬದಲು ಒಂದು ಹಿಡಿ ಹುರಿಗಡಲೆ. ರಾತ್ರಿ ತಿಳಿಸಾರಿನ ಬದಲು ಬೇಳೆ ಇರುವ ಸಾರು, ಅಮ್ಮನ ಪಾಲು ಮೊದಲೇ ಎತ್ತಿಟ್ಟು. ಇಷ್ಟರಿಂದ ಏಳೆಂಟು ಗ್ರಾಂ ಬಂತು. ಬೆಳಿಗ್ಗೆಯ ಕೊರತೆಗೆ ರುಚಿ ಸೇರಿಸದ ಬಟಾಣಿ ಪುಡಿ, 15 ಗ್ರಾಂ ಪ್ರೋಟೀನ್ ಬರುವಷ್ಟು. ಅಮ್ಮ ಥೈರಾಯ್ಡ್ ಮಾತ್ರೆ ತಗೊಳ್ಳೋದ್ರಿಂದ ಸೋಯಾ ಪುಡಿ ಕೈಬಿಟ್ಟೆವು. ಭಾರಲೋಹ ವರದಿ ಕೇಳಿ ನಾಲ್ಕು ಕಂಪನಿಗೆ ಮೇಲ್ ಹಾಕಿದ್ದೆ. ಬ್ಯಾಚ್ ವರದಿ ಕಳಿಸಿದ್ದು ಒಂದೇ. ಅದನ್ನೇ ತಗೊಂಡೆವು.

ಮೊದಲ ದಿನ ನೀರಿನಲ್ಲಿ ಕಲಸಿ ಕೊಟ್ಟಾಗ ಅಮ್ಮ ಒಂದು ಗುಟುಕು ಕುಡಿದು "ಇದು ದನಕ್ಕೆ ಇಡೋ ಬೂಸಾ ಥರ ಇದೆ ಕಣೇ" ಅಂತ ಲೋಟ ಕೆಳಗಿಟ್ಟಳು. ಮಾರನೇ ದಿನ ಅವಳೇ ರಾಗಿ ಅಂಬಲಿಗೆ ಸೇರಿಸಿ, ಮಜ್ಜಿಗೆ, ಜೀರಿಗೆ, ಕರಿಬೇವು ಹಾಕಿ ತನಗೆ ಬೇಕಾದ ಹಾಗೆ ಮಾಡಿಕೊಂಡಳು. ಯಾವ ಡಬ್ಬಿಯ ಮೇಲೂ ಈ ರೆಸಿಪಿ ಇಲ್ಲ. ಗಂಟು ಕಟ್ಟಬಾರದು ಅಂದರೆ ಅಂಬಲಿ ಇಳಿಸಿ, ಉಗುರುಬೆಚ್ಚಗಾದ ಮೇಲೆ, ಪುಡಿಯನ್ನು ಸ್ವಲ್ಪ ನೀರಲ್ಲಿ ಕದಡಿ ಹಾಕಬೇಕು.

ಐದು ತಿಂಗಳಾಯ್ತು. ಕುರ್ಚಿ ಪರೀಕ್ಷೆ 17 ಸೆಕೆಂಡಿನಿಂದ 13ಕ್ಕೆ ಬಂದಿದೆ. 12ರ ಕೆಳಗೆ ಇನ್ನೂ ಇಳಿದಿಲ್ಲ. ಇದರಲ್ಲಿ ಪುಡಿಯ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು, ದಟ್ಟ ಸಾರಿನ ಪಾಲೆಷ್ಟು ಅಂತ ಬೇರ್ಪಡಿಸೋಕೆ ಆಗಲ್ಲ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ್ದೇವೆ. ಪುಡಿ ಮುಗಿದ ಎರಡು ವಾರ ತರಿಸೋದು ತಡವಾದಾಗಲೂ ವ್ಯಾಯಾಮ ನಿಲ್ಲಿಸಲಿಲ್ಲ. ಆ ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಅಂದರೆ ನಾನು ಕುರ್ಚಿಯನ್ನೇ ಆರಿಸ್ತೀನಿ.

ಮುಂದಿನ ಸಲ ಊರಿಗೆ ಹೋದಾಗ ಡಬ್ಬಿ ತಗೊಂಡು ಹೋಗೋ ಮೊದಲು ಮೂರು ಕೆಲಸ ಮಾಡಿ. ಫೋನಿನ ಸ್ಟಾಪ್‌ವಾಚ್ ಇಟ್ಟು ಅಪ್ಪ ಅಮ್ಮನ ಕುರ್ಚಿ ಪರೀಕ್ಷೆ ಮಾಡಿಸಿ. ಒಂದು ದಿನದ ಊಟ ಬರೆದು ಕೂಡಿಸಿ. ಕೊನೆಯ ಸಲ ಕ್ರಿಯಾಟಿನೀನ್ ಮಾಡಿಸಿದ್ದು ಯಾವಾಗ ಅಂತ ಕೇಳಿ. ಈ ಮೂರು ಉತ್ತರ ಕೈಯಲ್ಲಿದ್ದರೆ, ಯಾವ ಪೌಡರ್ ಅನ್ನೋದಕ್ಕಿಂತ ಮೊದಲು ಪೌಡರ್ ಬೇಕಾ ಅನ್ನೋದೇ ಗೊತ್ತಾಗುತ್ತೆ. ಹಾಂ, ನಿಮ್ಮ ಸ್ನಾಯುವಿಗೂ ಮೂವತ್ತಾಗಿದೆ. ಅಮ್ಮ ಕುರ್ಚಿಯಿಂದ ಏಳುವಾಗ ಪಕ್ಕದಲ್ಲಿ ನೀವೂ ಒಂದು ಕುರ್ಚಿ ಹಾಕಿಕೊಳ್ಳಿ.